ಸಂಚಾರಿ ಗೃಹಗಳೂ ಆಕಾಶದ ದೂರದರ್ಶನವೂ

ದೂರದರ್ಶನದ ವ್ಯವಸ್ಥೆಯನ್ನು ಕಟ್ಟಿದವರು ತಮ್ಮ ಪ್ರೇಕ್ಷಕನನ್ನು ಕಲ್ಪಿಸಿಕೊಂಡದ್ದು ಒಂದು ಊರಿನ ಒಂದು ಬೀದಿಯಲ್ಲಿ ಮನೆಮಾಡಿಕೊಂಡು, ಬಾಗಿಲಿಗೊಂದು ಸಂಖ್ಯೆಯನ್ನೂ ಅಂಚೆಗೊಂದು ವಿಳಾಸವನ್ನೂ ಪಡೆದು, ಇಂದು ಇದ್ದಲ್ಲಿಯೇ ನಾಳೆಯೂ ಇರತಕ್ಕ ಗೃಹಸ್ಥನನ್ನಾಗಿ. ಪ್ರಸಾರ ಗೋಪುರದ ಎತ್ತರ, ಅದರ ತರಂಗಗಳು ಮುಟ್ಟುವ ವಲಯ, ಆ ವಲಯದ ವರ್ತಕರು ಕೊಡುವ ಜಾಹೀರಾತು, ಆ ಜಾಹೀರಾತಿನ ಆದಾಯವನ್ನು ಕಾಯುವ ಕಾನೂನು, ಇವೆಲ್ಲವೂ ಆ ನಿಶ್ಚಲವಾದ ಮನೆಯ ಸುತ್ತಲೇ ಹೆಣೆದುಕೊಂಡಿವೆ. ಆದರೆ ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ, ಒಂದು ಶತಮಾನಕ್ಕೂ ಮೇಲ್ಪಟ್ಟ ಕಾಲದಿಂದ, ಮನೆಯನ್ನೇ ಗಾಲಿಗಳ ಮೇಲೇರಿಸಿಕೊಂಡು ಚಳಿಗಾಲವನ್ನು ದಕ್ಷಿಣದ ಮರುಭೂಮಿಯಲ್ಲಿಯೂ ಬೇಸಗೆಯನ್ನು ಉತ್ತರದ ಅರಣ್ಯಗಳಲ್ಲಿಯೂ ಕಳೆಯುವ ಜನಸಮುದಾಯವೊಂದು ಬೆಳೆದುಬಂದಿದೆ. ಆರ್‌ವಿ ಎಂದು ಅಲ್ಲಿನವರು ಕರೆಯುವ ಈ ಸಂಚಾರಿ ಗೃಹಕ್ಕೆ ಉಪಗ್ರಹ ದೂರದರ್ಶನದ ಯಾವ ಸೇವೆಯನ್ನು ಆರಿಸಿಕೊಳ್ಳಬೇಕೆಂಬುದು ಮೇಲ್ನೋಟಕ್ಕೆ ಅಂಗಡಿಯ ಕಟ್ಟೆಯ ಮೇಲೆ ತೀರ್ಮಾನವಾಗತಕ್ಕ ಪ್ರಶ್ನೆ. ಅದರ ಪೂರ್ವೋತ್ತರಗಳನ್ನು ಪರಿಶೀಲಿಸಿದವರಿಗಾದರೋ, ಸ್ಥಿರವಾದ ವಿಳಾಸವುಳ್ಳವರಿಗಾಗಿ ನಿರ್ಮಿತವಾದ ಲೋಕದಲ್ಲಿ ವಿಳಾಸವಿಲ್ಲದವನಿಗೆ ಎಷ್ಟು ಸ್ಥಳವುಂಟೆಂಬ ಪ್ರಶ್ನೆಯೇ ಅದರ ಒಳಗಿದೆಯೆಂದು ತೋರದಿರದು.

ಈ ಗೃಹಗಳ ವಂಶಾವಳಿ ಸ್ವಾರಸ್ಯವಾದದ್ದು. 1910ರಲ್ಲಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ನಿನ ಪ್ರದರ್ಶನದಲ್ಲಿ ಪಿಯರ್ಸ್-ಆ್ಯರೋ ಕಂಪನಿಯವರು ಇರಿಸಿದ್ದ ಟೂರಿಂಗ್ ಲ್ಯಾಂಡೋ ಎಂಬ ಮೋಟಾರಿನಲ್ಲಿ ಹಿಂದಿನ ಆಸನವು ಬಿಚ್ಚಿದರೆ ಹಾಸಿಗೆಯಾಗುತ್ತಿತ್ತು. ಚಾಲಕನ ಆಸನದ ಬೆನ್ನಿನಿಂದ ಮುಖ ತೊಳೆಯುವ ಬೋಗುಣಿಯೊಂದು ಕೆಳಗಿಳಿಯುತ್ತಿತ್ತು. ಅದು ಧನಿಕರ ವಿಲಾಸ. ಸಾಮಾನ್ಯರ ಸಂಚಾರಕ್ಕೆ ಸಂಘದ ರೂಪ ಬಂದದ್ದು 1919ರಲ್ಲಿ, ಫ್ಲಾರಿಡಾದ ಟ್ಯಾಂಪಾ ನಗರದ ಡಿಸೋಟೋ ಉದ್ಯಾನದಲ್ಲಿ ಬೀಡುಬಿಟ್ಟಿದ್ದವರು ಕೂಡಿ ‘ಟಿನ್ ಕ್ಯಾನ್ ಟೂರಿಸ್ಟ್ಸ್’ ಎಂಬ ಬಳಗವನ್ನು ಕಟ್ಟಿಕೊಂಡಾಗ. ರೇಡಿಯೇಟರಿನ ಮುಚ್ಚಳಕ್ಕೆ ಬೆಸೆದ ತಗಡಿನ ಡಬ್ಬಿಯೇ ಅವರ ಲಾಂಛನವಾಗಿತ್ತು. ವಾಲಿ ಬಯಮ್ ಎಂಬಾತನ ಏರ್‌ಸ್ಟ್ರೀಮ್ ಕಂಪನಿಯಿಂದ 1936ರಲ್ಲಿ ಹೊರಬಂದ ಅಲ್ಯುಮಿನಿಯಮ್ಮಿನ ‘ಕ್ಲಿಪ್ಪರ್’ ಟ್ರೈಲರು, ಅಯೋವಾ ಸಂಸ್ಥಾನದ ಫಾರೆಸ್ಟ್ ಸಿಟಿಯ ವಿನ್ನಬೇಗೋ ಕಾರ್ಖಾನೆಯಿಂದ 1966ರಲ್ಲಿ ಇಳಿಯತೊಡಗಿದ ಮೋಟಾರು ಮನೆಗಳು, 1962ರಲ್ಲಿ ಮಾಂಟಾನಾದ ಬಿಲ್ಲಿಂಗ್ಸ್ ನಗರದ ಹತ್ತಿರ ಯೆಲ್ಲೋಸ್ಟೋನ್ ನದಿಯ ದಂಡೆಯ ಮೇಲೆ ಮೊದಲ್ಗೊಂಡು ದೇಶವನ್ನೆಲ್ಲ ವ್ಯಾಪಿಸಿದ ಕೆಓಎ ಕ್ಯಾಂಪ್‌ಗ್ರೌಂಡುಗಳು, ಇವು ಈ ಜೀವನಕ್ರಮವನ್ನು ಕೆಲವರ ಹುಚ್ಚೆಂಬ ಸ್ಥಿತಿಯಿಂದ ಮೇಲೆತ್ತಿ ಒಂದು ಜನಪದ್ಧತಿಯಾಗಿ ಮಾಡಿದವು.

ದೂರದರ್ಶನವು ಅಮೆರಿಕದ ಮನೆಮನೆಯನ್ನು ಹೊಕ್ಕ ಮೇಲೆ ಗಾಲಿಯ ಮನೆಯನ್ನೂ ಹೊಗದಿರಲು ಕಾರಣವಿರಲಿಲ್ಲ. ಅಯೋವಾದಲ್ಲಿಯೇ, ಬರ್ಲಿಂಗ್ಟನ್ ಎಂಬ ಊರಿನಲ್ಲಿ, 1954ರಲ್ಲಿ ಆರಂಭವಾದ ವೈನ್‌ಗಾರ್ಡ್ ಕಂಪನಿಯವರು ಮುಂದೆ ಈ ವಾಹನಗಳ ನೆತ್ತಿಗೆಂದು ಮಾಡಿದ ಆಂಟೆನಾ, ರೆಕ್ಕೆ ಬಿಚ್ಚಿದ ಬಾವಲಿಯ ಆಕಾರದ್ದು, ಬಹುಕಾಲ ಆರ್‌ವಿಗಳ ಗುರುತೇ ಆಗಿತ್ತು. ವಾಹನವನ್ನು ನಿಲ್ಲಿಸಿದ ಯಜಮಾನನು ಒಳಗೆ ಛಾವಣಿಯಿಂದ ತೂಗುವ ಹಿಡಿಯನ್ನು ತಿರುವುತ್ತಾನೆ. ಮೇಲೆ ಮಡಿಸಿಕೊಂಡಿದ್ದ ತೋಳು ನಿಧಾನವಾಗಿ ಎದ್ದು ನಿಲ್ಲುತ್ತದೆ. ಅನಂತರ ಛಾವಣಿಗೆ ಅಂಟಿದ ಚಕ್ರವನ್ನು ಕೆಳಕ್ಕೆಳೆದು ಅತ್ತಿತ್ತ ಹೊರಳಿಸುತ್ತ, ಪರದೆಯ ಮೇಲಿನ ಚಿತ್ರ ಯಾವ ದಿಕ್ಕಿನಲ್ಲಿ ತಿಳಿಯಾಗುವುದೋ ಅಲ್ಲಿ ನಿಲ್ಲಿಸಬೇಕು. ಬೆಳಗ್ಗೆ ಹೊರಡುವ ಮುನ್ನ ಅದನ್ನು ಮರೆಯದೆ ಇಳಿಸಬೇಕು. ಮರೆತವರ ಆಂಟೆನಾಗಳು ಮರದ ಕೊಂಬೆಗೋ ಸೇತುವೆಯ ಅಡಿಗೋ ಸಿಕ್ಕಿ ಮುರಿಯುತ್ತಿದ್ದುದರಿಂದ, ಎಷ್ಟೋ ಜನ ಎಚ್ಚರಿಕೆಯ ಚೀಟಿಯನ್ನು ಸ್ಟಿಯರಿಂಗಿಗೇ ಕಟ್ಟಿಕೊಳ್ಳುತ್ತಿದ್ದರು. ಇಷ್ಟಾದರೂ ಸಿಕ್ಕುವುದು ಸಮೀಪದ ನಗರದ ಗೋಪುರದಿಂದ ಬಂದಷ್ಟೇ. ಕಣಿವೆಯಲ್ಲಿ, ಮರುಭೂಮಿಯಲ್ಲಿ, ರಾಷ್ಟ್ರೀಯ ಉದ್ಯಾನಗಳ ಒಳಗೆ, ಅಂದರೆ ಈ ಜನ ಬಯಸಿ ಹೋಗುತ್ತಿದ್ದ ಸ್ಥಳಗಳಲ್ಲಿಯೇ, ಗೋಪುರದ ಅಲೆಗಳು ಮುಟ್ಟುತ್ತಿರಲಿಲ್ಲ.

ಆಕಾಶದಿಂದಲೇ ಪ್ರಸಾರವಾಗಬೇಕೆಂಬ ಕಲ್ಪನೆಯನ್ನು ಆರ್ಥರ್ ಸಿ. ಕ್ಲಾರ್ಕ್ 1945ರ ಅಕ್ಟೋಬರಿನಲ್ಲಿ ‘ವೈರ್‌ಲೆಸ್ ವರ್ಲ್ಡ್’ ಪತ್ರಿಕೆಯಲ್ಲಿ ಮುಂದಿಟ್ಟಿದ್ದನು. ಭೂಮಧ್ಯರೇಖೆಯ ಮೇಲೆ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಉಪಗ್ರಹಕ್ಕೆ ಒಂದು ಸುತ್ತಿಗೆ ಭೂಮಿಯ ಒಂದು ಆವರ್ತನದಷ್ಟೇ ಕಾಲ ಹಿಡಿಯುವುದರಿಂದ, ನೆಲದ ಮೇಲಿನವನಿಗೆ ಅದು ಆಕಾಶದ ಒಂದೇ ಬಿಂದುವಿನಲ್ಲಿ ನಿಂತಂತೆ ಕಾಣುತ್ತದೆ; ಒಮ್ಮೆ ಅದರತ್ತ ಮುಖಮಾಡಿದ ಡಿಶ್ಶನ್ನು ಮತ್ತೆ ಅಲುಗಿಸಬೇಕಾಗಿಲ್ಲ. ಈ ತತ್ತ್ವವು ಹಳ್ಳಿಗಾಡಿನ ನೆರವಿಗೆ ಬಂದ ಕಥೆಯಲ್ಲಿ ನಮ್ಮ ನಾಡಿಗೂ ಒಂದು ಪಾಲಿದೆ. 1974ರ ಮೇ ತಿಂಗಳಲ್ಲಿ ಅಮೆರಿಕದವರು ಹಾರಿಸಿದ ಎಟಿಎಸ್-6 ಎಂಬ ಉಪಗ್ರಹವು ಮೊದಲು ಅವರ ಅಪಲೇಚಿಯಾ ಬೆಟ್ಟಗಳ, ರಾಕಿ ಪರ್ವತಗಳ, ಅಲಾಸ್ಕದ ಮೂಲೆಯೂರುಗಳಿಗೆ ಪಾಠವನ್ನೂ ವೈದ್ಯದ ಸಲಹೆಯನ್ನೂ ಮುಟ್ಟಿಸಿ, ಆ ಬಳಿಕ ಪೂರ್ವಕ್ಕೆ ಸರಿದು, 1975ರ ಆಗಸ್ಟಿನಿಂದ 1976ರ ಜುಲೈ ಕೊನೆಯವರೆಗೆ ಭಾರತದ 2,400 ಹಳ್ಳಿಗಳಿಗೆ ಕಾರ್ಯಕ್ರಮಗಳನ್ನು ಇಳಿಸಿತು. ಬಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳ ಹಳ್ಳಿಗಳಲ್ಲಿ ತಂತಿಬಲೆಯಿಂದ ಕಟ್ಟಿದ ಮೂರು ಮೀಟರಿನ ಡಿಶ್ಶುಗಳು ನಿಂತವು. ಸಂಜೆಯಾಯಿತೆಂದರೆ ಊರಿನವರು ಒಂದೇ ಪೆಟ್ಟಿಗೆಯ ಮುಂದೆ ಕುಳಿತು ಕನ್ನಡದಲ್ಲಿ ಬಂದ ಕೃಷಿಯ, ಆರೋಗ್ಯದ ಮಾತುಗಳನ್ನು ಕೇಳಿದರು. ಗೋಪುರದ ಆಸರೆಯಿಲ್ಲದ ಸ್ಥಳಗಳಿಗೆ ದೂರದರ್ಶನವನ್ನು ಆಕಾಶದಿಂದ ಇಳಿಸಬಹುದೆಂಬುದು ಇಷ್ಟು ದೂರದ ಎರಡು ನೆಲಗಳಲ್ಲಿ ಒಂದೇ ಯಂತ್ರದಿಂದ ಸಿದ್ಧವಾದದ್ದು ನನಗೆ ಬಹಳ ಮೆಚ್ಚಿಕೆಯ ಸಂಗತಿ. 1982ರಿಂದ ಹಾಸನದ ನಿಯಂತ್ರಣ ಕೇಂದ್ರವು ನಮ್ಮ ಇನ್ಸಾಟ್ ಉಪಗ್ರಹಗಳನ್ನು ಅವುಗಳ ಬಿಂದುವಿನಿಂದ ಕದಲದಂತೆ ಕಾಯುತ್ತ ಬಂದಿರುವುದೂ ಇದೇ ವಿದ್ಯೆಯ ಮುಂದುವರಿಕೆ.

ಅಮೆರಿಕದಲ್ಲಿ ಈ ಸೌಲಭ್ಯವನ್ನು ಖಾಸಗಿ ಮನೆಯವರು ಪಡೆದದ್ದು ಕೇಬಲ್ ಕಂಪನಿಗಳ ಬೆನ್ನುಹತ್ತಿ. 1975ರ ಸೆಪ್ಟೆಂಬರ್ 30ರಂದು ಎಚ್‌ಬಿಓ ಸಂಸ್ಥೆಯವರು ಮನಿಲಾದಲ್ಲಿ ನಡೆದ ಅಲಿ ಮತ್ತು ಫ್ರೇಜಿಯರರ ಮುಷ್ಟಿಯುದ್ಧವನ್ನು ಉಪಗ್ರಹದ ಮೂಲಕ ಕೇಬಲ್ ಜಾಲಗಳಿಗೆ ಮುಟ್ಟಿಸಿದ ತರುವಾಯ, ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಟೇಲರ್ ಹೋವರ್ಡ್ ಎಂಬ ಪ್ರಾಧ್ಯಾಪಕರು 1976ರಲ್ಲಿ ತಮ್ಮ ಮನೆಯಲ್ಲಿಯೇ ಡಿಶ್ಶನ್ನು ಕಟ್ಟಿ ಆ ಸಂಕೇತಗಳನ್ನು ಹಿಡಿದರು. ನೋಡಿದ್ದಕ್ಕೆ ಹಣ ತೆರಬೇಕೆಂಬ ಧರ್ಮಬುದ್ಧಿಯಿಂದ ಅವರು ಎಚ್‌ಬಿಓಗೆ ನೂರು ಡಾಲರಿನ ಚೆಕ್ಕನ್ನು ಕಳುಹಿಸಲು, ತಮ್ಮ ವ್ಯವಹಾರವೆಲ್ಲ ಕೇಬಲ್ ಕಂಪನಿಗಳೊಡನೆಯೇ ಎಂದು ಅದು ಮರಳಿ ಬಂದಿತು. 1979ರ ಅಕ್ಟೋಬರಿನಲ್ಲಿ ಸರ್ಕಾರವು ಡಿಶ್ಶುಗಳಿಗೆ ಪರವಾನಗಿ ಬೇಡವೆಂದಿತು. ಅದೇ ವರ್ಷ ನೀಮನ್ ಮಾರ್ಕಸ್ ಅಂಗಡಿಯವರ ಕ್ರಿಸ್ಮಸ್ ಪಟ್ಟಿಯಲ್ಲಿ 36,500 ಡಾಲರಿಗೆ ಮನೆಯಲ್ಲಿಡುವ ಡಿಶ್ಶಿನ ಕೇಂದ್ರವೊಂದು ಮಾರಾಟಕ್ಕಿತ್ತು. ಬೆಲೆ ಕ್ರಮೇಣ ಇಳಿಯಿತಾದರೂ ಡಿಶ್ಶಿನ ಅಗಲ ಹತ್ತು ಅಡಿಯ ಆಸುಪಾಸಿನಲ್ಲಿಯೇ ಉಳಿದುದರಿಂದ ಅದು ಹಿತ್ತಿಲಿನಲ್ಲಿ ಕಾಂಕ್ರೀಟಿನ ಕಂಬದ ಮೇಲೆ ನಿಲ್ಲತಕ್ಕ ವಸ್ತುವೇ ಹೊರತು ಹೆದ್ದಾರಿಯ ಮೇಲೆ ಸಾಗತಕ್ಕದ್ದಾಗಿರಲಿಲ್ಲ. 1986ರ ಜನವರಿಯಲ್ಲಿ ಎಚ್‌ಬಿಓ ತನ್ನ ಸಂಕೇತವನ್ನು ಗೂಢಲಿಪಿಯಲ್ಲಿ ಮುಚ್ಚಿದ ಮೇಲೆ ಪುಕ್ಕಟೆಯ ಕಾಲವೂ ಮುಗಿಯಿತು.

ಸಂಚಾರಿಗಳ ಪಾಲಿಗೆ ನಿಜವಾದ ಪರ್ವವೆಂದರೆ 1994. ಹ್ಯೂಸ್ ಸಂಸ್ಥೆಯವರ ಡೈರೆಕ್‌ಟಿವಿ ಆ ವರ್ಷದ ಜೂನಿನಲ್ಲಿ ಆರಂಭವಾದಾಗ, ಪಶ್ಚಿಮ ರೇಖಾಂಶ 101ರ ಮೇಲೆ ನಿಂತ ಉಪಗ್ರಹವು ಪ್ರಬಲವಾದ ಕಿರಣಗಳನ್ನು ಚೆಲ್ಲುತ್ತಿದ್ದುದರಿಂದ, ಕೇವಲ 18 ಅಂಗುಲದ ಡಿಶ್ಶು, ನಮ್ಮ ಅಡಿಗೆಮನೆಯ ಮೊರದಷ್ಟರದು, ಸಾಕಾಯಿತು. ಎರಡನೆಯ ಸ್ಪರ್ಧಿಯ ಹುಟ್ಟು ಇನ್ನಷ್ಟು ಕೌತುಕಕರವಾದದ್ದು: ಚಾರ್ಲಿ ಅರ್ಗನ್ ಮತ್ತು ಆತನ ಸಂಗಡಿಗರು 1980ರಲ್ಲಿ ಕೊಲರಾಡೋದಲ್ಲಿ ದೊಡ್ಡ ಡಿಶ್ಶುಗಳನ್ನು ಮಾರುವ ವ್ಯಾಪಾರಕ್ಕೆ ತೊಡಗಿದಾಗ, ಕೈಯಲ್ಲಿದ್ದ ಎರಡರಲ್ಲಿ ಒಂದು ಸಾಗಿಸುವ ದಾರಿಯಲ್ಲಿ ಗಾಳಿಗೆ ಹಾರಿ ಬಿದ್ದು ಹಾಳಾಯಿತಂತೆ; ಆ ವ್ಯಾಪಾರದಿಂದ ಬೆಳೆದ ಎಕೋಸ್ಟಾರ್ 1995ರ ಡಿಸೆಂಬರಿನಲ್ಲಿ ಚೀನದ ಶೀಚಾಂಗ್ ನೆಲೆಯಿಂದ ತನ್ನದೇ ಉಪಗ್ರಹವನ್ನು ಹಾರಿಸಿ, 1996ರ ಮಾರ್ಚಿನಲ್ಲಿ ಡಿಶ್ ನೆಟ್‌ವರ್ಕ್ ಎಂಬ ಸೇವೆಯನ್ನು ತೆರೆಯಿತು. ಈ ಎರಡರ ನಡುವೆ ಆರಿಸುವುದೇ ಅಲ್ಲಿಂದ ಇತ್ತೀಚಿನವರೆಗೂ ಆರ್‌ವಿಯವರ ಮುಂದಿದ್ದ ಸಮಸ್ಯೆ.

ಅರಿಜೋನಾದ ಕ್ವಾರ್ಟ್ಸೈಟ್ ಊರಿನ ಬಯಲನ್ನು ನೆನೆದರೆ ಆ ಸಮಸ್ಯೆಯ ಭೌತಿಕ ಸ್ವರೂಪ ಮನದಟ್ಟಾಗುತ್ತದೆ. 1983ರಿಂದ ಸರ್ಕಾರವು ಇಲ್ಲಿನ ಲಾ ಪೋಸಾ ಬಯಲನ್ನು ಚಳಿಗಾಲದ ದೀರ್ಘವಾಸಕ್ಕೆಂದು ಬಿಟ್ಟುಕೊಟ್ಟಿದ್ದು, ಪ್ರತಿವರ್ಷವೂ ಉತ್ತರದಿಂದ ಬಂದ ಸಂಚಾರಿ ಗೃಹಗಳು ಕಣ್ಣು ಹರಿಯುವಷ್ಟು ದೂರ ಹರಡಿಕೊಳ್ಳುತ್ತವೆ. ಇಲ್ಲಿ ಗಾಡಿಯನ್ನು ನಿಲ್ಲಿಸಿದವನು ಮುಕ್ಕಾಲಿಯನ್ನು ಬಿಡಿಸಿ ನೆಲದ ಮೇಲೂರಿ, ರಸಮಟ್ಟವಿಟ್ಟು ಅದರ ಕಂಬವನ್ನು ನೆಟ್ಟಗೆ ಮಾಡಿ, ಗಾಳಿಗೆ ಉರುಳದಂತೆ ನೀರಿನ ಕ್ಯಾನನ್ನೋ ಕಲ್ಲುಗಳನ್ನೋ ಅದಕ್ಕೆ ಕಟ್ಟುತ್ತಾನೆ. ರಿಸೀವರಿನಲ್ಲಿ ಆ ಸ್ಥಳದ ಜಿಪ್ ಎಂಬ ಅಂಚೆ ಸಂಖ್ಯೆಯನ್ನು ಒತ್ತಿದರೆ ಡಿಶ್ಶು ಎಷ್ಟು ಎತ್ತರಕ್ಕೆ, ಯಾವ ದಿಕ್ಕಿಗೆ, ಎಷ್ಟು ವಾಲಿರಬೇಕೆಂಬ ಮೂರು ಅಂಕೆಗಳು ಪರದೆಯ ಮೇಲೆ ಬರುತ್ತವೆ. ಕ್ವಾರ್ಟ್ಸೈಟಿನಲ್ಲಿ ಡೈರೆಕ್‌ಟಿವಿಯ 101ರ ಉಪಗ್ರಹವು ನೇರ ದಕ್ಷಿಣದಿಂದ ಕೊಂಚ ಪೂರ್ವಕ್ಕೆ, ದಿಗಂತದಿಂದ ಸುಮಾರು 48 ಡಿಗ್ರಿ ಎತ್ತರದಲ್ಲಿದೆ. ದಿಕ್ಸೂಚಿಯ ಸೂಜಿ ತೋರಿಸುವ ಉತ್ತರವು ನಿಜವಾದ ಉತ್ತರವಲ್ಲವಾದ್ದರಿಂದ ಅರಿಜೋನಾದಲ್ಲಿ ಸುಮಾರು ಹತ್ತು ಡಿಗ್ರಿಯ ತಿದ್ದುಪಡಿಯನ್ನೂ ಮನಸ್ಸಿನಲ್ಲಿಡಬೇಕು. ಬಳಿಕ ಡಿಶ್ಶನ್ನು ಕೂದಲೆಳೆಯಷ್ಟು ಕೂದಲೆಳೆಯಷ್ಟು ಸರಿಸುತ್ತ ಹೋಗಬೇಕು. ಒಳಗಿನಿಂದ ಹೆಂಡತಿ ಪರದೆಯ ಅಂಕೆಯನ್ನು ಕೂಗಿ ಹೇಳುತ್ತಿರುತ್ತಾಳೆ, ಇಲ್ಲವೆ ತಂತಿಗೆ ಸಿಕ್ಕಿಸಿದ ಮೀಟರಿನ ಕೀರಲು ದನಿ ಏರುತ್ತಿರುತ್ತದೆ. ಸಿಕ್ಕಿದ ಉಪಗ್ರಹವು ತನ್ನದೋ ನೆರೆಯದೋ ಎಂಬ ಸಂಶಯ ಕೊನೆಗೂ ಒಂದಿಷ್ಟು ಉಳಿಯುತ್ತದೆ.

ಮರುಭೂಮಿಯಲ್ಲಿ ಸುಲಭವಾದ ಈ ಕಾರ್ಯವು ಅರಣ್ಯದಲ್ಲಿ ಸುಲಭವಲ್ಲ. ಡಿಶ್ ನೆಟ್‌ವರ್ಕಿನವರ ಪಶ್ಚಿಮದ ಗುಂಪಿನ ಉಪಗ್ರಹಗಳು 110, 119, 129ರ ರೇಖಾಂಶಗಳಲ್ಲಿವೆ. ಮೇನ್ ಸಂಸ್ಥಾನದ ಬ್ಯಾಂಗರಿನಲ್ಲಿ ನಿಂತು ನೋಡಿದರೆ 129ರದು ದಿಗಂತದಿಂದ ಬರಿಯ 12 ಡಿಗ್ರಿಯಷ್ಟೇ ಮೇಲೆ, ಪೈನ್ ಮರಗಳ ಸಾಲಿನ ಹಿಂದೆ ಅಡಗಿರುತ್ತದೆ. ಅವರದೇ ಪೂರ್ವದ ಗುಂಪಿನ 61.5ರ ಉಪಗ್ರಹವಾದರೆ 38 ಡಿಗ್ರಿಯ ಎತ್ತರದಲ್ಲಿರುವುದರಿಂದ ಆ ಮರಗಳನ್ನು ದಾಟಿ ಕಾಣುತ್ತದೆ. ಯಾವ ಸೇವೆ ಉತ್ತಮವೆಂದು ಕೇಳಿದವನಿಗೆ ಅನುಭವಿಗಳು ಮೊದಲು ಕೇಳುತ್ತಿದ್ದ ಮರುಪ್ರಶ್ನೆ, ನೀವು ಎಲ್ಲಿ ತಂಗುವವರು ಎಂಬುದು. ಕ್ಯಾಂಪ್‌ಗ್ರೌಂಡಿನ ಕಚೇರಿಯಲ್ಲಿ ದಕ್ಷಿಣಕ್ಕೆ ಆಕಾಶ ಬಿಚ್ಚಿಕೊಂಡಿರುವ ನಿವೇಶನವನ್ನೇ ಬೇಡಿ ಪಡೆಯುವುದು ರೂಢಿಯಾಯಿತು. ನೆರಳಿನ ತಂಪನ್ನು ಬಯಸಿದವನು ಚಾನೆಲ್ಲುಗಳನ್ನು ಬಿಡಬೇಕಾಗುತ್ತಿತ್ತು.

ಸುಮಾರು 2005ರ ನಂತರ ಸೂಕ್ಷ್ಮಚಿತ್ರದ, ಎಂದರೆ ಎಚ್‌ಡಿಯ, ಕಾಲ ಬಂದಾಗ ಆಯ್ಕೆಯ ತೂಕವೇ ಬದಲಾಯಿತು. ಡೈರೆಕ್‌ಟಿವಿಯವರು ತಮ್ಮ ಎಚ್‌ಡಿ ಚಾನೆಲ್ಲುಗಳನ್ನು 99 ಮತ್ತು 103ರ ಉಪಗ್ರಹಗಳಿಂದ ಕೆಎ ಬ್ಯಾಂಡ್ ಎಂಬ ಇನ್ನೂ ಹ್ರಸ್ವವಾದ ತರಂಗಗಳಲ್ಲಿ ಕಳುಹಿಸಿದರು. ಆ ತರಂಗಗಳಿಗೆ ದೊಡ್ಡದಾದ, ಅತಿ ನಿಖರವಾಗಿ ಗುರಿಯಿಟ್ಟ ಡಿಶ್ಶು ಬೇಕಾಗಿದ್ದು, ಆರ್‌ವಿಗಳ ನೆತ್ತಿಯ ಮೇಲೆ ಗುಮ್ಮಟದೊಳಗೆ ಕುಳಿತು ತಾವಾಗಿಯೇ ಉಪಗ್ರಹವನ್ನು ಹುಡುಕಿಕೊಳ್ಳುತ್ತಿದ್ದ ಪುಟ್ಟ ಆಂಟೆನಾಗಳಿಗೆ ಅವು ದಕ್ಕಲಿಲ್ಲ. ಡಿಶ್ ನೆಟ್‌ವರ್ಕಿನವರು ಎಚ್‌ಡಿಯನ್ನೂ ಕೆಯು ಬ್ಯಾಂಡ್ ಎಂಬ ಹಳೆಯ ತರಂಗಗಳಲ್ಲಿಯೇ ಕಳುಹಿಸುತ್ತಿದ್ದುದರಿಂದ ಗುಮ್ಮಟದವರು ಆ ಕಡೆಗೆ ವಾಲಿದರು. ತಿಂಗಳಿಗೆ ತಿಂಗಳು ಹಣ ಕಟ್ಟಿ, ಬೇಡವಾದಾಗ ನಿಲ್ಲಿಸುವ ಅವರ ಏರ್ಪಾಡೂ ವರ್ಷದಲ್ಲಿ ಕೆಲವೇ ತಿಂಗಳು ಹೊರಡುವವರಿಗೆ ಒಪ್ಪಿತು. ಓಡುತ್ತಿರುವಾಗಲೂ ಗುರಿ ತಪ್ಪದ ಆಂಟೆನಾಗಳು ಬಂದವಾದರೂ ಅವು ದುಬಾರಿಯಾಗಿದ್ದು ಕೆಲವರ ಸೊತ್ತಾಗಿ ಉಳಿದವು.

ಇದೆಲ್ಲವೂ ಯಂತ್ರದ ಮಾತು. ಈ ಇತಿಹಾಸದಲ್ಲಿ ನನ್ನ ಮನಸ್ಸನ್ನು ಹೆಚ್ಚು ಹಿಡಿದ ಭಾಗ ಕಾನೂನಿನದು. ಅಮೆರಿಕದ ದೂರದರ್ಶನವು 210 ಮಾರುಕಟ್ಟೆಗಳಾಗಿ ವಿಭಾಗವಾಗಿದ್ದು, ಎಬಿಸಿ, ಸಿಬಿಎಸ್, ಎನ್‌ಬಿಸಿ, ಫಾಕ್ಸ್ ಎಂಬ ಜಾಲಗಳ ಕಾರ್ಯಕ್ರಮಗಳನ್ನು ಪ್ರತಿಯೊಂದು ಮಾರುಕಟ್ಟೆಯಲ್ಲಿ ಅಲ್ಲಲ್ಲಿಯ ಕೇಂದ್ರಗಳೇ ಪ್ರಸಾರ ಮಾಡುತ್ತವೆ. ಹೊರಗಿನ ಕೇಂದ್ರವೊಂದನ್ನು ಉಪಗ್ರಹವು ಎಲ್ಲೆಡೆಗೂ ಹಂಚಿಬಿಟ್ಟರೆ ಸ್ಥಳೀಯರ ಜಾಹೀರಾತು ಹೋಗುತ್ತದೆಂಬ ಭಯದಿಂದ, 1988ರ ಶಾಸನವು ದೂರದ ಕೇಂದ್ರವನ್ನು ನೋಡುವ ಹಕ್ಕನ್ನು, ಮಾಳಿಗೆಯ ಮೇಲೆ ಸಾಮಾನ್ಯ ಆಂಟೆನಾ ನೆಟ್ಟರೂ ಸ್ಥಳೀಯ ಸಂಕೇತ ಸಿಕ್ಕದ ಮನೆಗಳಿಗೆ ಮಾತ್ರ ಕೊಟ್ಟಿತು. ಇಂದು ಡೆನ್ವರಿನಲ್ಲಿ, ನಾಳಿದ್ದು ಸಾಂಟಾ ಫೇಯಲ್ಲಿ, ಮುಂದಿನ ವಾರ ಜನವಿಲ್ಲದ ಕಣಿವೆಯಲ್ಲಿರುವ ಮನೆಗೆ ಸಂಕೇತ ಸಿಕ್ಕುವುದೋ ಇಲ್ಲವೋ ಎಂದು ಅಳೆಯುವವರು ಯಾರು? 1999ರ ನವೆಂಬರಿನ ಶಾಸನವು ಸ್ಥಳೀಯ ಕೇಂದ್ರಗಳನ್ನು ಉಪಗ್ರಹದ ಮೂಲಕವೇ ಆಯಾ ಊರಿಗೆ ಕೊಡಲು ಅನುಮತಿಸಿದಾಗ ಈ ಪ್ರಶ್ನೆಗೂ ಉತ್ತರ ಹೇಳಿತು: ಸಂಚಾರಿ ಗೃಹವನ್ನೂ ಸರಕಿನ ಲಾರಿಯನ್ನೂ ಸಂಕೇತ ಸಿಕ್ಕದ ಮನೆಗಳೆಂದೇ ಪರಿಗಣಿಸತಕ್ಕದ್ದು, ಆದರೆ ಯಜಮಾನನು ವಾಹನದ ನೋಂದಣಿಯ ಪ್ರತಿಯನ್ನು ಒದಗಿಸಿ, ಈ ಸೇವೆಯನ್ನು ಯಾವ ಸ್ಥಿರವಾದ ವಾಸದ ಮನೆಯಲ್ಲಿಯೂ ಬಳಸುವುದಿಲ್ಲವೆಂದು ಸಹಿಮಾಡಿ ಘೋಷಿಸಬೇಕು. ಮನೆಯು ಚಲಿಸುತ್ತದೆಂಬುದನ್ನೇ ಹಕ್ಕಿನ ಆಧಾರವಾಗಿ ಸ್ವೀಕರಿಸಿದ ಈ ವಿಧಿಯು ಒಂದು ಸಣ್ಣ ನ್ಯಾಯವೆಂದು ನಾನು ಎಣಿಸುತ್ತೇನೆ.

ಹಾಗೆ ಘೋಷಿಸಿದ ಡೈರೆಕ್‌ಟಿವಿಯ ಗ್ರಾಹಕನಿಗೆ ನ್ಯೂಯಾರ್ಕಿನ ಮತ್ತು ಲಾಸ್ ಏಂಜಲಿಸಿನ ಕೇಂದ್ರಗಳು ದೇಶದ ಯಾವ ಮೂಲೆಯಲ್ಲಿಯೂ ಲಭಿಸಿದವು. ಎರಡು ತೀರಗಳ ನಡುವೆ ಮೂರು ಗಂಟೆಗಳ ಅಂತರವಿರುವುದರಿಂದ ಸಂಜೆಯ ಕಾರ್ಯಕ್ರಮವೊಂದನ್ನು ಅವನು ಬೇಕಾದರೆ ಎರಡು ಸಲ ನೋಡಬಹುದಾಗಿತ್ತು. ಡಿಶ್ ನೆಟ್‌ವರ್ಕಿನವರಿಗೆ ಈ ಭಾಗ್ಯ ಮಧ್ಯದಲ್ಲಿ ತಪ್ಪಿತು. ಅರ್ಹರಲ್ಲದ ಮನೆಗಳಿಗೂ ದೂರದ ಕೇಂದ್ರಗಳನ್ನು ಕೊಟ್ಟರೆಂಬ ವ್ಯಾಜ್ಯದಲ್ಲಿ ಅವರು ಸೋತು, ನ್ಯಾಯಾಲಯದ ಆಜ್ಞೆಯಂತೆ 2006ರ ಡಿಸೆಂಬರ್ 1ರಿಂದ ಆ ಸೇವೆಯನ್ನೇ ನಿಲ್ಲಿಸಬೇಕಾಯಿತು. ಅಂದಿನಿಂದ ಅವರ ಸಂಚಾರಿ ಗ್ರಾಹಕನು ಹೊಸ ಬೀಡಿಗೆ ಬಂದಾಗಲೆಲ್ಲ ಕಂಪನಿಗೆ ಫೋನು ಮಾಡಿ, ತನ್ನ ವಿಳಾಸ ಈಗ ಇಂಥದೆಂದು ಕ್ಯಾಂಪ್‌ಗ್ರೌಂಡಿನ ಹೆಸರು ಹೇಳಿ, ಆ ಊರಿನ ಕೇಂದ್ರಗಳನ್ನು ತೆರೆಸಿಕೊಳ್ಳುವ ಪದ್ಧತಿಗೆ ಒಗ್ಗಿಕೊಂಡನು. ಉಪಗ್ರಹದ ಸ್ಥಳೀಯ ಕಿರಣಗಳು ನಿಯತವಾದೊಂದು ವೃತ್ತದೊಳಗೆ ಮಾತ್ರ ಬೀಳುವುದರಿಂದ, ವೃತ್ತವನ್ನು ದಾಟಿದೊಡನೆ ಮತ್ತೆ ಫೋನು, ಮತ್ತೆ ವಿಳಾಸ. 2010ರ ಶಾಸನದ ಮೇರೆಗೆ, 210 ಮಾರುಕಟ್ಟೆಗಳಿಗೂ ಸ್ಥಳೀಯ ಕೇಂದ್ರಗಳನ್ನು ಒದಗಿಸಲು ಒಪ್ಪಿ ಅವರು ತಮ್ಮ ಹಕ್ಕನ್ನು ಮರಳಿ ಪಡೆದರು. 2019ರ ಡಿಸೆಂಬರಿನಲ್ಲಿ ಬಂದ ಶಾಸನವು ದೂರದ ಕೇಂದ್ರಗಳ ಅನುಮತಿಯನ್ನು ಬಹುಮಟ್ಟಿಗೆ ಕೊನೆಗಾಣಿಸಿತು. ಯಾವುದಾದರೊಂದು ಜಾಲದ ಕೇಂದ್ರವೇ ಇಲ್ಲದ ಮಾರುಕಟ್ಟೆಗಳನ್ನು ಬಿಟ್ಟರೆ, ಅದನ್ನು ಶಾಶ್ವತವಾಗಿ ಉಳಿಸಿಕೊಂಡವರು ಆರ್‌ವಿಯವರೂ ಲಾರಿಯವರೂ ಮಾತ್ರ.

ಶಾಶ್ವತವಾದ ಹಕ್ಕು ದೊರೆತ ಹೊತ್ತಿಗೆ ಉಪಗ್ರಹ ದೂರದರ್ಶನದ ಏರುಗಾಲ ಕಳೆದಿತ್ತು. ಎರಡು ಕಂಪನಿಗಳು ಒಂದಾಗಲು ಮಾಡಿದ ಪ್ರಯತ್ನವನ್ನು ಸರ್ಕಾರ 2002ರಲ್ಲಿ ತಡೆದಿತ್ತು. 2024ರ ಪ್ರಯತ್ನ ಸಾಲಪತ್ರಗಳನ್ನು ಹೊಂದಿದ್ದವರ ಅಸಮ್ಮತಿಯಿಂದ ಮುರಿಯಿತು. ಇಷ್ಟರಲ್ಲಿ 2022ರ ಮೇ ತಿಂಗಳಿನಲ್ಲಿ ಸ್ಟಾರ್‌ಲಿಂಕ್ ಸಂಸ್ಥೆಯವರು ಆರ್‌ವಿಗಳಿಗೆಂದೇ ಅಂತರ್ಜಾಲದ ಸೇವೆಯನ್ನು ತೆರೆದರು. ಅವರ ಉಪಗ್ರಹಗಳು ಸುಮಾರು 550 ಕಿಲೋಮೀಟರ್ ಎತ್ತರದಲ್ಲಿ ಸಾವಿರಾರು ಸಂಖ್ಯೆಯಲ್ಲಿ ಓಡುತ್ತಿರುವುದರಿಂದ ದಕ್ಷಿಣದ ಒಂದೇ ಬಿಂದುವನ್ನು ಹುಡುಕುವ ಕಷ್ಟವಿಲ್ಲ. ಮರಗಳ ತಡೆ ಮಾತ್ರ ಅಲ್ಲಿಯೂ ಉಂಟು. ಅಂತರ್ಜಾಲ ಬಂದೊಡನೆ ಚಾನೆಲ್ಲುಗಳೆಲ್ಲ ಅದರ ಮೂಲಕವೇ ಬಂದವು, ಮತ್ತು ಹಲವರು ಮುಕ್ಕಾಲಿಯನ್ನೂ ಡಿಶ್ಶನ್ನೂ ಮಾರಿಬಿಟ್ಟರು. ಆ ಸೇವೆಯ ಆರಂಭದ ನಿಬಂಧನೆಯಲ್ಲಿಯಾದರೂ ಒಂದು ಷರತ್ತಿತ್ತು: ಬಳಕೆದಾರರು ಕಿಕ್ಕಿರಿದ ಪ್ರದೇಶದಲ್ಲಿ, ಕಿಕ್ಕಿರಿದ ಹೊತ್ತಿನಲ್ಲಿ, ಸ್ಥಿರವಾದ ವಿಳಾಸದಲ್ಲಿರುವ ಗ್ರಾಹಕನಿಗೆ ಮೊದಲ ಪ್ರಾಶಸ್ತ್ಯ, ಆರ್‌ವಿಯವನಿಗೆ ಅನಂತರ.